ಅರ್ಧ ಗಂಟೆಯಾಚೆ

ಇಶ್ಕಾಶಿಂ ಬಿಟ್ಟು ಮೂರನೇ ದಿನ.
ತಗಡಿನ ಸೂರಿನ ಮೇಲೆ ಸೈಕಲ್ಲು ಹೊಡೆದ ಹಾಗೆ
ಈ ರಸ್ತೆ, ಗಂಟೆಗೆ ಆರು ಕಿಲೋಮೀಟರು.
ಹಲ್ಲು ಕಚ್ಚಿದರೆ ನಾಲಿಗೆ ಉಳಿಯುತ್ತದೆ,
ಬಾಯಿ ಬಿಟ್ಟರೆ ಉಸಿರು.
ಎರಡೂ ಒಟ್ಟಿಗೆ ಸಿಗುವ ಎತ್ತರವಲ್ಲ ಇದು.

ಬಲಕ್ಕೆ ಹೊಳೆ. ಹೆಸರು ಪಂಜ್.
ಪಂಜ್ ಅಂದರೆ ಐದು, ಎಂದಿದ್ದ ಲಾರಿಯವನೊಬ್ಬ
ಬೆರಳು ಬಿಡಿಸಿ ತೋರಿಸಿ;
ಅದರಲ್ಲಿ ಒಂದು ಬೆರಳು ಅರ್ಧವೇ ಇತ್ತು.
ನನ್ನ ಕಿವಿಗೆ ಮಾತ್ರ ಪಂಜು ಪಂಜೇ:
ಎಣ್ಣೆ ಮುಗಿದು ಹೊಗೆಯಾಡುವ ದೀವಟಿಗೆ,
ಬೂದಿ ಬಣ್ಣದ ನೀರು,
ಕೈಯದ್ದಿದರೆ ಮೂಳೆ ಉರಿಯುವಷ್ಟು ತಣ್ಣಗೆ.

ಹೊಳೆಯಾಚೆ ಅಫ್ಘಾನಿಸ್ತಾನ.
ಒಂದು ಕಲ್ಲೆಸೆತ ದೂರ,
ಗಡಿಯಾರದಲ್ಲಿ ಅರ್ಧ ಗಂಟೆ ಹಿಂದೆ.
ಇಲ್ಲಿ ಒಂಬತ್ತು, ಅಲ್ಲಿ ಎಂಟೂವರೆ.
ಬಿಸಿಲು ಎರಡೂ ದಡಕ್ಕೆ ಒಟ್ಟಿಗೇ ಬಿತ್ತು,
ಅದಕ್ಕೆ ಯಾರೂ ಹೇಳಿದಂತಿಲ್ಲ.

ಆಗ ಕಂಡ ಅವನು,
ಬಂಡೆ ಕೊರೆದ ಕಾಲುದಾರಿಯಲ್ಲಿ,
ಕೆಂಪು ಜೀನಿನ ಕತ್ತೆಯೊಂದಿಗೆ.
ನನ್ನದೇ ದಿಕ್ಕು, ನನ್ನದೇ ವೇಗ.
ಇಪ್ಪತ್ತೇಳು ಗೇರಿನ ಸೈಕಲ್ಲಿಗೂ
ಗೇರಿಲ್ಲದ ಕತ್ತೆಗೂ
ಒಂದೇ ಲೆಕ್ಕ ಕಟ್ಟಿತ್ತು ಬೆಟ್ಟ.

ಕೈ ಬೀಸಿದೆ. ಸ್ವಲ್ಪ ತಡೆದು
ಅವನೂ ಬೀಸಿದ.
ಕೂಗಿದ್ದನ್ನೆಲ್ಲ ಹೊಳೆ ತಿಂದುಹಾಕಿತು.

ಹತ್ತೂ ಇಪ್ಪತ್ತಕ್ಕೆ ಟಣ್ಣೆಂದಿತು
ಹಿಂದಿನ ಗಾಲಿಯ ಕಡ್ಡಿ.
ಚೀಲ ಇಳಿಸಿ, ಗಾಲಿ ಬಿಚ್ಚಿ,
ಗ್ರೀಸಿನ ಕೈಯಲ್ಲೇ ಮೂಗೊರೆಸಿಕೊಂಡು
ಕೂತಾಗ ಹೊಳೆಯಿತು:
ಆಚೆಗಿನ್ನೂ ಒಂಬತ್ತೂ ಐವತ್ತು.
ಅಲ್ಲಿ ನನ್ನ ಕಡ್ಡಿ ಮುರಿದಿಲ್ಲ.
ಅಲ್ಲಿ ನಾನಿನ್ನೂ ಹಿಂದಿನ ತಿರುವಿನಲ್ಲಿ
ಏದುಸಿರು ಬಿಡುತ್ತ ಸುಖವಾಗಿದ್ದೇನೆ.

ತಲೆಯೆತ್ತಿದರೆ ಅವನೂ ಕೂತಿದ್ದ.
ನನಗಾಗಿಯೋ, ಕತ್ತೆಗೆ ದಾಹವಾಗಿಯೋ,
ಗೊತ್ತಿಲ್ಲ.
ನಾನೆದ್ದ ಮೇಲೆ ಎದ್ದ, ಅಷ್ಟು ಮಾತ್ರ ನಿಜ.

ಮಧ್ಯಾಹ್ನ ಗಾಳಿಯೆದ್ದಿತು,
ಮೂವತ್ತೊಂದು ದಿನದಲ್ಲಿ ಮೊದಲ ಸಲ
ಬೆನ್ನ ಕಡೆಯಿಂದ.
ಸೈಕಲ್ಲು ತಾನಾಗಿ ಏರತೊಡಗಿತು,
ಕತ್ತೆ ಹಿಂದುಳಿಯಿತು.
ಏರಿನಲ್ಲಿ ಬ್ರೇಕು ಹಿಡಿದ ಮೂರ್ಖ
ಈ ಕಣಿವೆಯಲ್ಲಿ ನಾನೊಬ್ಬನೇ ಇರಬೇಕು.

ನಾಲ್ಕರ ಹೊತ್ತಿಗೆ ಅವನ ದಾರಿ
ಬಂಡೆಯ ಹಿಂದಕ್ಕೆ ಹೊರಳಿತು.
ಅತ್ತ ಕಡೆಯಿಂದ ಬಂದಾನೆಂದು ಕಾದೆ.
ಒಂದು ಬಿಸ್ಕತ್ತು ತಿನ್ನುವಷ್ಟು,
ಆಮೇಲೆ ಇಡೀ ಪೊಟ್ಟಣ ತಿನ್ನುವಷ್ಟು.

ರಾತ್ರಿಗೆ ಸವ್ರಿಮೊ ಎಂಬಾಕೆಯ ಮನೆ.
ಮಾಳಿಗೆ ತುಂಬ ಏಪ್ರಿಕಾಟು ಒಣಹಾಕಿದ್ದಳು.
ಉಪ್ಪು, ಬೆಣ್ಣೆ ಹಾಕಿದ ಹಾಲಿನ ಚಹಾ,
ಅದರಲ್ಲಿ ಮುರಿದು ಹಾಕಿದ ರೊಟ್ಟಿ.
ಅವಳ ಒಡಕು ರಷ್ಯನ್, ನನ್ನ ಇನ್ನೂ ಒಡಕು ರಷ್ಯನ್.
ಕತ್ತೆ ಎನ್ನಲು ಪದ ಬಾರದೆ
ಕಿವಿಯ ಮೇಲೆ ಎರಡು ಕೈಯಿಟ್ಟು ತೋರಿಸಿದೆ.

ನಗಲಿಲ್ಲ ಅವಳು.
‘ಕೆಂಪು ಜೀನಾ?’ ಅಂದಳು.
ಪ್ರತಿ ಬುಧವಾರ ಹಿಟ್ಟಿಗೆ ಹೋಗುತ್ತಾನಂತೆ.
ಹನ್ನೆರಡು ವರ್ಷದಿಂದ ನೋಡುತ್ತಿದ್ದಾಳಂತೆ.
ಹೆಸರು? ತಲೆಯಾಡಿಸಿದಳು.
ಮೊದಲು ಒಬ್ಬನೇ. ಆಮೇಲೆ ಕತ್ತೆಯ ಮೇಲೊಬ್ಬಳು.
ಆಮೇಲೆ ಅವಳ ಮಡಿಲಲ್ಲೊಂದು ಗಂಟು.
ಆಮೇಲೆ ಅವಳಿಲ್ಲ, ಗಂಟು ಎದ್ದು
ಬಾಲ ಹಿಡಿದು ಹಿಂದೆ ನಡೆಯತೊಡಗಿತ್ತು.

‘ಇವತ್ತು ಹುಡುಗ ಇದ್ದನಾ?’

ದಿನವಿಡೀ ನೋಡಿದ್ದೆ.
ಜೀನಿನ ಬಣ್ಣ ಹೇಳಬಲ್ಲೆ,
ಬೀಸಿದ್ದು ಎಡಗೈಯೆಂದು ಹೇಳಬಲ್ಲೆ.
‘ಕಾಣಲಿಲ್ಲ,’ ಎಂದೆ.
‘ಬಂಡೆ ಅಡ್ಡ ಇತ್ತು,’ ಎಂದೂ ಸೇರಿಸಿದೆ.

ಅವಳು ಬೆರಳು ಮಡಚಿದಳು. ಒಂದು. ಎರಡು.
ಮೂರನೆಯದನ್ನು ಮಡಚದೆ ಹಿಡಿದುಕೊಂಡು
ಬಾಗಿಲಿಗೆ ಹೋಗಿ ನಿಂತಳು.
ಆಚೆ ದಡದಲ್ಲಿ ಒಂದೂ ದೀಪವಿರಲಿಲ್ಲ.

‘ಅಲ್ಲಿನ್ನೂ ಏಳೂವರೆ,’ ಎಂದಳು,
ನನಗಲ್ಲ.
ಬಂದು ಚಹಾ ಬಗ್ಗಿಸಿದಳು.
ನಾಳೆ ಲಂಗರ್‌ವರೆಗೆ ಏರು, ಕಡ್ಡಿ ಗಟ್ಟಿ ಇದೆಯಾ,
ಎಂದು ಕೇಳಿದಳು.