ಆರನೇ ಡಬ್ಬಿ

ಗುದೈಬಿಯಾದ ಈ ಮೂರನೇ ಮಹಡಿಯಲ್ಲಿ
ಒಂದು ಹಾಲ್ ಸೀಳಿ ಮೂರು ಸಂಸಾರ.
ಪ್ಲೈವುಡ್ಡಿನ ಆಚೆ ಯಾರೋ ಒಗ್ಗರಣೆ ಹಾಕಿದರೆ
ಈಚೆ ನನ್ನ ಮಕ್ಕಳು ಪುಸ್ತಕ ಮುಚ್ಚಿ
ಇಂಗೋ ಬೆಳ್ಳುಳ್ಳಿಯೋ ಎಂದು ಪಂಥ ಕಟ್ಟುತ್ತಾರೆ.

ಇವರಿಗೆ ಐದು ತಿಂಗಳಿಂದ ಸಂಬಳವಿಲ್ಲ.
ಕಂಪನಿಗೆ ಬೀಗ, ಪಾಸ್‌ಪೋರ್ಟು ಬೀಗದೊಳಗೆ.
ದಿನಾ ಇಸ್ತ್ರಿಯ ಅಂಗಿ ತೊಟ್ಟು ಹೊರಡುತ್ತಾರೆ,
ಎಲ್ಲಿಗೆಂದು ನಾನು ಕೇಳುವುದಿಲ್ಲ.
ಕೋಲ್ಡ್ ಸ್ಟೋರಿನ ಮೊಯ್ದೀನಿಕ್ಕ
ಸಾಲದ ಪುಸ್ತಕ ತೆಗೆಯುವುದನ್ನೇ ಬಿಟ್ಟಿದ್ದಾನೆ.
ಹಾಲಿನ ಫ್ರಿಜ್ಜಿನ ಕಡೆ ನಾನು ನಡೆದರೆ
ಫೋನು ಕಿವಿಗಿಟ್ಟು ಬೇರೆಲ್ಲೋ ನೋಡುತ್ತಾನೆ.
ಅದೂ ಒಂದು ಮರ್ಯಾದೆಯೇ.

ಹಾಗಾಗಿ ಒಂಬತ್ತು ಡಬ್ಬಿ.
ಒಂಬತ್ತು ಒಂಟಿ ಗಂಡಸರ ರಾತ್ರಿಯೂಟ,
ಮುಚ್ಚಳದ ಮೇಲೆ ಮಗಳು ನೇಲ್ ಪಾಲಿಶಿನಲ್ಲಿ ಬರೆದ ನಂಬರು.
ಅನ್ನ, ಸಾರು, ಪಲ್ಯ, ತಲೆಗೊಂದು ತುಂಡು ಮೀನು.
ಎರಡು ಹಾಕಿದರೆ ಬಾಡಿಗೆ ಹುಟ್ಟುವುದಿಲ್ಲ.

ನನ್ನಮ್ಮ ಮಲ್ಪೆಯ ದಕ್ಕೆಯಲ್ಲಿ
ಮೀನು ಎಣಿಸಿದವಳಲ್ಲ.
ಬುಟ್ಟಿಯ ಲೆಕ್ಕ, ಬೊಗಸೆಯ ಲೆಕ್ಕ;
ಕೊಳ್ಳಬಂದವಳ ಸೊಂಟದ ಕೂಸು ಸಪೂರ ಕಂಡರೆ
ಮೇಲೊಂದು ಹಿಡಿ ಬೂತಾಯಿ ಸುರಿದು
ದೃಷ್ಟಿ ತೆಗೆದ ಹಾಗೆ ಕೈ ಝಾಡಿಸುತ್ತಿದ್ದಳು.
ನಾನು ಮಕ್ಕಳಿಗೆ ಬೆನ್ನು ಹಾಕಿ
ತುಟಿ ಅಲ್ಲಾಡಿಸದೆ ಎಣಿಸುತ್ತೇನೆ, ಏಳು, ಎಂಟು, ಒಂಬತ್ತು.
ಬೆನ್ನ ಹಿಂದೆ ಅವರೂ ಎಣಿಸುತ್ತಾರೆ.

ಶಾಲೆಯ ನರ್ಸಮ್ಮ ಚೀಟಿ ಕಳಿಸಿದ್ದಾಳೆ:
ಪ್ರಾಪ್ತಿಗೆ ರಕ್ತ ಎಂಟೂವರೆ; ಮೊಟ್ಟೆ, ಸೊಪ್ಪು, ಖರ್ಜೂರ ಕೊಡಿ.
ಚಿರಾಗನಿಗೆ ತೂಕ ಹೆಚ್ಚು; ಮೈದಾ, ಸಕ್ಕರೆ ಬಿಡಿಸಿ.
ಒಂದೇ ತಟ್ಟೆಯಲ್ಲಿ ತಿಂದ ಇಬ್ಬರು!
ನೂರು ಫಿಲ್ಸಿನ ಬಿಸಿ ಖುಬ್ಬೂಸ್
ಚಾದಲ್ಲಿ ಅದ್ದಿದರೆ ಹೊಟ್ಟೆಗೆ ಮೋಸ ತಿಳಿಯುವುದಿಲ್ಲ,
ತಕ್ಕಡಿಗೆ ತಿಳಿಯುತ್ತದೆ.
ಚೀಟಿಯ ಹಿಂದುಗಡೆ ನಾನು ಈರುಳ್ಳಿಯ ಲೆಕ್ಕ ಬರೆದೆ.

ಊರಿಂದ ಅತ್ತೆಯ ಫೋನು.
'ಇವತ್ತೆಂತ ಪದಾರ್ಥ?'
'ಅಂಜಲ್.'
'ನಿಮಗೆಂತ ಮಾರಾಯ್ತಿ, ಗಲ್ಫು!'
ಸುಳ್ಳಲ್ಲ. ಒಂಬತ್ತು ತುಂಡು ಒಲೆಯ ಮೇಲೇ ಇತ್ತು.

ಆರನೇ ಡಬ್ಬಿ ಕೊಪ್ಪಳದ ಕಡೆಯ ಹುಲಿಗೆಪ್ಪನದು,
ಟೈಲ್ಸ್ ಕೂರಿಸುವವನು, ಉಗುರ ಸಂದಿಯಲ್ಲಿ ಸದಾ ಬಿಳಿ ಸಿಮೆಂಟು.
ಶುಕ್ರವಾರ ಶುಕ್ರವಾರ ತೊಳೆದಿಟ್ಟ ಡಬ್ಬಿಯೊಳಗೆ
ಫಾಯಿಲಿನಲ್ಲಿ ಸುತ್ತಿದ ಮೀನು ಹಾಗೇ ವಾಪಸು.
'ಮುಳ್ಳು ಆರಿಸಾಕ ಬರಂಗಿಲ್ರೀ ಅಕ್ಕಾ,
ನಮ್ಮ ಕಡೆ ರೂಢಿ ಇಲ್ಲ.'
ಅಂಜಲಿಗೆ ಎಲ್ಲಿಯ ಮುಳ್ಳು? ನಡುಮೂಳೆ ಬಿಟ್ಟರೆ
ಹಸುಗೂಸಿಗೂ ತಿನ್ನಿಸಬಹುದು.
'ಹೌದಾ ಮಾರಾಯ' ಎಂದೆ ನಾನೂ.

ಮಗಳು ಅದನ್ನು ಎರಡು ಮಾಡಿ
ದೊಡ್ಡದು ತಮ್ಮನಿಗಿಟ್ಟು, ಮತ್ತೆ ಕಿತ್ತುಕೊಂಡು,
ಮತ್ತೆ ಇಡುತ್ತಿದ್ದಳು.

ಮೊನ್ನೆ ಮಂಗಳವಾರ
ಆರನೇ ಡಬ್ಬಿ ಕೊಟ್ಟ ಹಾಗೇ ಬಂತು, ಭಾರ.
ಫಾಯಿಲಿಲ್ಲ. ಮುಚ್ಚಳವೇ ತೆರೆದಿಲ್ಲ.
ಡಬ್ಬಿ ಹಂಚುವ ಹುಡುಗ ಮೆಟ್ಟಿಲಲ್ಲೇ ನಿಂತು ಹೇಳಿದ:
ರಾತ್ರಿ ಚೆಕಿಂಗ್ ಆಯಿತಂತೆ,
ಕಾಗದ ಇಲ್ಲದವರನ್ನು ವ್ಯಾನು ಹತ್ತಿಸಿದರಂತೆ,
ಬಕೆಟ್ಟಿನಲ್ಲಿ ನೆನೆಹಾಕಿದ ಬಟ್ಟೆ ಹಾಗೇ ಉಂಟಂತೆ.

ಅನ್ನ ಹಳಸಿರಲಿಲ್ಲ.
ಮಕ್ಕಳಿಗೆ ಬಡಿಸಿದೆ. ಪಲ್ಯ, ಸಾರು, ಇಡೀ ತುಂಡು.
ಇವರು ಗೋಡೆಗೆ ಮುಖ ಮಾಡಿ ಮಲಗಿದ್ದರು.
ಬೆರಳು ಚೀಪುತ್ತಾ ಚಿರಾಗ ಕೇಳಿದ,
'ನಾಳೆ ಕೂಡ ಆರು ತುಂಬಿಯೇ ಬರ್ತದಾ ಅಮ್ಮ?'
ಪ್ರಾಪ್ತಿ ಅವನ ಬೆನ್ನಿಗೊಂದು ಗುದ್ದಿದಳು,
ಆಮೇಲೆ ತಾನೇ ಅತ್ತಳು.

ಇವತ್ತು ಮಾರ್ಕೆಟ್ಟಿನಲ್ಲಿ ಎಂಟು ತುಂಡು ಎನ್ನಬೇಕಿತ್ತು.
ಒಂಬತ್ತು ಎಂದೆ.
ತಿದ್ದಿಕೊಳ್ಳುವಷ್ಟರಲ್ಲಿ
ಮೀನಿನವನು ಕೊಯ್ದಾಗಿತ್ತು.