ಮುಟ್ಟದೆ ಹಿಡಿಯುವುದು

ಕುರ್ಲಾದ ಗುಜರಿಯಿಂದ ಬಂತು, ಗೋಣಿತಾಟು ಸುತ್ತಿಕೊಂಡು,
ಇನ್ನೂರ ನಲವತ್ತು ಕಿಲೋ. ಟೆಂಪೋದಿಂದ ಇಳಿಸಲು ನಾಲ್ಕು ಜನ
ಮತ್ತು ದಾವಲಸಾಬ ಮಾಮಾನ ಬೈಗುಳ.
ಫೋಂಡಾ ದಾಟಿದ ತಿರುವಿನಲ್ಲಿ ನಮ್ಮ ಗ್ಯಾರೇಜು.
ಎದುರಿಗೆ ಬಸ್ಸು: ಹದಿನೇಳು ವರ್ಷ ಜನರನ್ನು ಹೊತ್ತು
ಹರಾಜಾಗಿ, ಸೀಟು ಕಿತ್ತಿಸಿಕೊಂಡು, ಈಗ ಹಲ್ಲಿನ ದವಾಖಾನೆ.
ಒಳಗೆ ಒಂದೇ ಕುರ್ಚಿ. ಅದೂ ಮಲಗುವಂಥದು.
ಹೆಂಗಸರ ಸೀಟೆಂಬ ಅಕ್ಷರ ಮಾತ್ರ ಕಿಟಕಿಯ ಮೇಲೆ
ಹೊಸ ಬಣ್ಣದಡಿಯಿಂದ ಇನ್ನೂ ಇಣುಕುತ್ತದೆ.

ಹೋದ ವರ್ಷ ಅನಮೋಡ ಘಾಟಿನ ಇಳಿಜಾರಿನಲ್ಲಿ
ಲೈನರ್ ಸುಟ್ಟ ವಾಸನೆ ಮೊದಲು ಬಂತಂತೆ.
ಆಮೇಲೆ ಕಾಯ್ತಾನ ಎಷ್ಟು ಒತ್ತಿದರೂ
ಪೆಡಲಿನ ಮಾತು ಚಕ್ರಕ್ಕೆ ಕೇಳಿಸದಾಯಿತಂತೆ.
ಗುಡ್ಡಕ್ಕೆ ಮೈ ಉಜ್ಜಿ ಉಜ್ಜಿ ನಿಲ್ಲಿಸಿದ. ಯಾರೂ ಸಾಯಲಿಲ್ಲ.
ಕಪಾಟು ತೆರೆದುಕೊಂಡು, ಊರೂರ ಬಾಯಿಯ ಅಚ್ಚುಗಳು,
ಪ್ಲಾಸ್ಟರಿನ ದವಡೆಗಳು, ಮೂವತ್ತೊಂದು ಜನರವು,
ಡ್ರೈವರನ ತನಕ ಉರುಳಿಕೊಂಡು ಬಂದವಂತೆ
ನಗುತ್ತ.
ಅದನ್ನು ಹೇಳುವಾಗ ಈಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.

ಡಾಕ್ಟರ್ ಎಫಿಜೇನಿಯಾ ಬಾಗಿ ನೋಡಿದರು. ಇದು ಯಾವ ಬ್ರೇಕು?
"ಬಾಯಾರ, ಇದಕ್ಕ ಲೈನರ್ ಇಲ್ಲ, ಸವಿಯಂಗಿಲ್ಲ.
ನಡುವ ಕಾಯಿಲ್, ಆಕಡೆ ಈಕಡೆ ತಿರಗೂ ಚಕ್ರ.
ಕರೆಂಟ್ ಬಿಟ್ಟರ ಚಕ್ರ ತಿರಗಾಕ ಬ್ಯಾಸರಾ ಮಾಡ್ಕೋತೈತಿ.
ಮುಟ್ಟಂಗಿಲ್ಲ. ಹಿಡಿತೈತಿ."
ನಾನು ಕೊಂಕಣಿಗೆ ತಿರುಗಿಸಿದೆ. ಬೇಜಾರು ಅವರ ಮಾತಿನಲ್ಲೂ ಇತ್ತು.
ಸುಲಭವಾಯಿತು.

ಪ್ರೊಪೆಲ್ಲರ್ ಶಾಫ್ಟನ್ನು ನಡುವೆ ಕೊಯ್ದೆವು.
ಕೊಯ್ಯುವ ಮುಂಚೆ ಮಾಮಾ ಮೂರು ಸಲ ಅಳೆದ,
ನನ್ನಿಂದ ಮೂರು ಸಲ ಅಳೆಸಿದ,
ಆಮೇಲೂ ಬೀಡಿ ಹಚ್ಚಿ ಹತ್ತು ನಿಮಿಷ ಸುಮ್ಮನೆ ಕೂತ.
ತುಂಡುಗಳನ್ನು ವಾಸ್ಕೋಗೆ ಒಯ್ದು ಬ್ಯಾಲೆನ್ಸ್ ಮಾಡಿಸಿ ತಂದೆವು.
ಚಾಸಿಗೆ ಎರಡು ಅಡ್ಡಪಟ್ಟಿ, ರಬ್ಬರ್ ಬುಷ್ಷು,
ಡೀಸೆಲ್ ಪೈಪು ಮೂರು ಗೇಣು ಆಚೆ,
ಮೇಲೆ ತಗಡು, ತಗಡಿನ ಮೇಲೆ ಗಾಜುನಾರಿನ ಕೌದಿ,
ಯಾಕೆಂದರೆ ಅದರ ನೆತ್ತಿಗೇ ಆ ಕುರ್ಚಿ.
"ಹಲ್ಲಿನ ನೋವ ಸಾಕು, ಕುಂಡಿ ಯಾಕ ಸುಡಬೇಕು?"
ಒಂದೂವರೆ ಮಿಲಿಮೀಟರು ಸಂದು, ಸುತ್ತಲೂ ಒಂದೇ ಸಮ.
ಫೀಲರ್ ಗೇಜಿನ ಎಲೆ ತೂರಿಸಿ ತೂರಿಸಿ
ಮೂರು ದಿನ ಅಂಗಾತ ಮಲಗಿ ಬಸ್ಸಿನ ಹೊಟ್ಟೆ ನೋಡಿದೆ.
ವೈರಿಂಗು ಪೂರ್ತಿ ನನ್ನದು. ಹೆಬ್ಬೆರಳು ದಪ್ಪದ ಕೆಂಪು ಕೇಬಲ್ಲು,
ರಿಲೇ ಪೆಟ್ಟಿಗೆ, ಸ್ಟೇರಿಂಗಿನ ಪಕ್ಕ ನಾಲ್ಕು ಹಂತದ ಹಿಡಿಕೆ.

ಗುರುವಾರ ಎಲ್ಲರೂ ಘಾಟು ಹತ್ತಿದೆವು, ಡಾಕ್ಟರೂ.
ಕಪಾಟಿನ ಬಾಗಿಲು ತೆರೆದೇ ಇರಲಿ ಎಂದ ಕಾಯ್ತಾನ.
ಹೊಸ ದವಡೆಗಳು ಸಾಲಾಗಿ ಕೂತಿದ್ದವು,
ಟಿಕೆಟ್ ಕೇಳುವವರಿಲ್ಲದ ಪ್ರಯಾಣಿಕರು.
ಗಡಿಯ ಹತ್ತಿರ ತಿರುಗಿಸಿ ಇಳಿದೆವು.
ಒಂದು. ಯಾರೋ ಹಿಂದಿನಿಂದ ಅಂಗಿಯ ಚುಂಗು ಹಿಡಿದಂತೆ.
ಎರಡು. ನೆಲದಡಿಯಿಂದ ಗುಂಯ್.
ದೊಡ್ಡ ತಿರುವಿನಲ್ಲಿ ಮೂರು. ಕಾಯ್ತಾನನ ಬಲಗಾಲು ನೋಡಿದೆ:
ಪೆಡಲಿನಿಂದ ಒಂದಂಗುಲ ಮೇಲೆ ನಡುಗುತ್ತ ನಿಂತಿತ್ತು,
ಮುಟ್ಟದೆ.
ಒಂದು ದವಡೆ ಜರುಗಿ ಪಕ್ಕದ್ದಕ್ಕೆ ತಾಕಿತು.
ಅಷ್ಟೆ.

ಕೆಳಗೆ ಮೊಲೆಮ್ ನಾಕೆಯಲ್ಲಿ ಗೇಟು ಹಾಕಿತ್ತು.
ಬಸ್ಸು ನಿಧಾನವಾದಷ್ಟೂ ಹಿಡಿತ ಕರಗಿತು.
ಓಟವನ್ನೇ ತಿಂದು ಬದುಕುವ ಯಂತ್ರ,
ನಿಲ್ಲಿಸುವುದು ಅದಕ್ಕೆ ಗೊತ್ತಿಲ್ಲ.
"ಕಾಲ ಹಾಕಲೇ!" ಮಾಮಾ ಕೂಗಿದ, ಕನ್ನಡದಲ್ಲೇ.
ಕಾಯ್ತಾನ ಕಾಲಿಳಿಸಿದ, ಕುದಿನೀರಿಗೆ ಇಳಿಸುವ ಹಾಗೆ.
ಘಾಟಿಯುದ್ದಕ್ಕೂ ತಣ್ಣಗೆ ಕೂತಿದ್ದ ಡ್ರಮ್ಮುಗಳು
ಹಿಡಿದವು.

ಬಿಲ್ಲಿನ ಬಾಕಿಗೆ ಡಾಕ್ಟರು ಅಲ್ಲೇ, ರಸ್ತೆಯ ಪಕ್ಕ,
ಮಾಮಾನ ದವಡೆಹಲ್ಲು ಕಿತ್ತರು.
"ಮುಟ್ಟದ ಕೀಳಾಕ ಬರಂಗಿಲ್ಲೇನ್ರೀ?" ಅಂದು ಬಾಯಿ ತೆರೆದಿದ್ದ.
ಬಸ್ಸಿನಡಿ ಕಾದ ಚಕ್ರಗಳು ಟಿಕ್ ಟಿಕ್ ಎನ್ನುತ್ತಿದ್ದವು;
ನೆರಳಿಗೆಂದು ನುಸುಳಿದ ನಾಯಿ ಮೂಸಿ ಹೊರಬಂತು.
ಕುರ್ಚಿ ಸುಟ್ಟಿತೇನು, ಕೇಳಿದೆ.
ಹತ್ತಿ ಕಚ್ಚಿಕೊಂಡೇ ಎರಡು ಬೆರಳ ನಡುವೆ
ಒಂದೂವರೆ ಮಿಲಿಮೀಟರು ತೋರಿಸಿದ.
ನಾಳೆ ಇನ್ನೊಂದು ಪದರ ಕೌದಿ ಹೊದಿಸಬೇಕು.