ಇಪ್ಪತ್ತೆಂಟು ಗಂಟು

ಕುಷ್ಟಗಿ ದಾರಿಯ ಮಗ್ಗುಲ, ಕಲ್ಲುಹಾಸಿನ ಮೇಲೆ
ನಲವತ್ತೊಂದು ಕೆಂಗುರಿ.
ಕಿವಿಗೊಂದೊಂದು ಹಳದಿ ಬಿಲ್ಲೆ, ಬಿಲ್ಲೆಗೆ ಹನ್ನೆರಡು ಅಂಕಿ.
ಹುಲಿಗೆವ್ವನಿಗೆ ಅಂಕಿ ಬರುವುದಿಲ್ಲ,
ಮುಖ ಬರುತ್ತವೆ.

ಸೂಜಿ ಚುಚ್ಚಿದವನು ನಾನೇ.
ಕೆಮ್ಮು ಹತ್ತಿತ್ತು, ಮೂಗು ಸೋರುತ್ತಿದ್ದವು.
ಬಾಟಲಿಯ ಸಣ್ಣಕ್ಷರ ಓದಿ ಹೇಳಿದ್ದೆ:
"ಇವತ್ತಿಂದ ಇಪ್ಪತ್ತೆಂಟು ದಿನ ಕೊಯ್ಯಂಗಿಲ್ಲ ಯವ್ವಾ,
ಔಷಧ ಮಾಂಸದಾಗ ಉಳಿತೈತಿ."
ಹೇಳಿ, ಬೈಕು ಏರಿ, ಮುಂದಿನ ಹಟ್ಟಿಗೆ ಹೋದೆ.
ದಾಖಲೆ ಪುಸ್ತಕದಲ್ಲಿ ತಾರೀಕು ಬರೆಯಲು ಮರೆತೆ.

ಅವಳು ಮರೆಯಲಿಲ್ಲ.
ಕಂಬಳಿಗೆಂದು ನೂತ ಕರಿ ಉಣ್ಣೆಯ ಒಂದೆಳೆ ಹರಿದು
ಹಟ್ಟಿಯ ಗೂಟಕ್ಕೆ ಇಳಿಬಿಟ್ಟು
ದಿನಾ ಹೊತ್ತು ಮುಳುಗುವಾಗ ಒಂದು ಗಂಟು.

ಹತ್ತೊಂಬತ್ತನೆಯ ಗಂಟಿನ ಮರುದಿನ
ಕೂಕನಪಳ್ಳಿ ಸಂತೆಯಿಂದ ಖಾಜಾವಲಿ ಬಂದ,
ಹಿಂದೆ ಲಾರಿ, ಮುಂದೆ ನಗು.
"ದುಬೈ ಲಾಟು ಅವ್ವಾ. ನಾಡಿದ್ದು ಮುಂಬೈ ಮುಟ್ಟಬೇಕು.
ಕಿಲೋಕ್ಕ ಅರವತ್ತು ಹೆಚ್ಚು, ಎಣಿಸ್ಕೊ."
ಹಲ್ಲು ನೋಡಿದ, ಬೆನ್ನು ಒತ್ತಿದ, ಬಾಲದ ಬುಡ ಹಿಸುಕಿದ.
ಕೆಟ್ಟವನಲ್ಲ.
ತೂಕದಲ್ಲಿ ಎಂದೂ ಮೋಸ ಮಾಡಿದವನಲ್ಲ.

"ಇನ್ನೂ ಒಂಬತ್ತು ಗಂಟು ಅದಾವಪ."
"ಮಾಂಸ ಏನು ಬಾಯಿ ಬಿಡ್ತೈತೇನು?"
"ಬಿಡೂದಿಲ್ಲ. ಅದಕ್ಕ ನಾ ಬಿಟ್ಟೀನಿ."

ನನಗೆ ಫೋನು ಬಂತು.
"ಸಾಹೇಬರ, ಒಂದು ಸಹಿ. ತಾರೀಕು ನಿಮ್ಮ ಕೈಯಾಗ ಐತಿ."
ಇತ್ತು. ಖಾಲಿ ಚೌಕ, ಪೆನ್ನು, ನಾನು.
ತಿಂಗಳ ಹಿಂದಿನ ಯಾವ ದಿನ ಬರೆದರೂ
ನಂಬುತ್ತಿತ್ತು ಆ ಕಾಗದ,
ಕಾಗದವನ್ನು ನಂಬುತ್ತಿತ್ತು ಬಂದರು.

ಹೋಗಿ ಗೂಟದ ಮುಂದೆ ಕೂತೆ.
ಬೆರಳಲ್ಲಿ ಎಣಿಸಿದೆ, ಎರಡು ಸಲ.
ಜಿಡ್ಡು, ಹೊಗೆ, ಹಿಕ್ಕೆಯ ವಾಸನೆ.
ಹದಿಮೂರನೆಯದು ಯಾಕೋ ದಪ್ಪ.
"ಅವತ್ತ ಮಳಿ. ಕಟ್ಟೀನೋ ಇಲ್ಲೋ ಅನುಮಾನ ಬಂದು
ಅದರ ಮ್ಯಾಲೇ ಬಿಗದೆ."
ಒಂದೇ ಅಂತ ಲೆಕ್ಕ ಹಿಡಿದು, ಹಿಂದಕ್ಕೆ ಎಣಿಸಿ
ತಾರೀಕು ಬರೆದೆ.

ಲಾರಿ ಖಾಲಿ ಹೋಗಲಿಲ್ಲ.
ಬೇರೆ ಹಟ್ಟಿಯ ಕುರಿ ತುಂಬಿಕೊಂಡು ಹೋಯಿತು.
ಅವುಗಳ ಸೂಜಿ ಯಾರದೋ, ದಿನ ಯಾವುದೋ,
ನಾನು ಕೇಳಲಿಲ್ಲ.

ಚಹಾ ಕೊಡುತ್ತ ಅವಳೇ ಕೇಳಿದಳು:
"ದುಬೈದಾಗ ತಿನ್ನೋರ ಮನ್ಯಾಗ
ಸಣ್ಣ ಕೂಸು ಇರ್ತಾವೇನು?"
"ಇರ್ತಾವ."
"ಹಂಗಾದ್ರ," ಎಂದವಳು ಪಡುವಣ ನೋಡಿ
ದಾರದ ತುದಿ ಹುಡುಕಿದಳು.